ಅರ್ಧ ಡಿಸ್ಕು ಸಾಕು

ಡಿಸ್ಕಿನ ಸರಿಯರ್ಧವನ್ನು ಬೇಕೆಂದೇ ಬಿಸಾಡುವ ವಿನ್ಯಾಸವನ್ನು ಒಳ್ಳೆಯ ವಿನ್ಯಾಸ ಅನ್ನಬಹುದೇ? ಅನ್ನಬಹುದು ಅಂತ ನನ್ನ ವಾದ. ಎಲೆಕ್ಟ್ರಾನಿಕ್ಸ್ ಓದುವ ಗೆಳೆಯರು ಮೂಗು ಮುರಿಯುತ್ತಾರೆ, ಗೊತ್ತು. ಬೇರೆಯವರು 'ನಮಗ್ಯಾಕೆ ಈ ಗೋಳು' ಅಂತ ಪುಟ ತಿರುವಬೇಡಿ. ಈ ಜಗಳ ಅರ್ಥವಾಗಲು ಎಂಟಕ್ಕೂ ಹದಿನಾರಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದರೆ ಸಾಕು.

ಯಂತ್ರ ಬಿಬಿಸಿ ಮೈಕ್ರೋ. ೧೯೮೧ರ ಕೊನೆಗೆ ಇಂಗ್ಲೆಂಡಿನ ಏಕಾರ್ನ್ ಕಂಪನಿ ಹೊರತಂದ ಮನೆ ಕಂಪ್ಯೂಟರು. ನಮ್ಮ ದೇಶಕ್ಕೆ ಇದು ಹೊಸಬನಲ್ಲ. ೧೯೮೪ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ನೂರಾರು ಶಾಲೆಗಳಿಗೆ ಕೊಟ್ಟದ್ದು ಇದನ್ನೇ. ಒಳಗೆ ೨ ಮೆಗಾಹರ್ಟ್ಸ್ ವೇಗದ ೬೫೦೨ ಪ್ರೊಸೆಸರು, ೩೨ ಕಿಲೋಬೈಟು ಮೆಮರಿ. ಏಕಾರ್ನ್‌ನವರೇ ಇದಕ್ಕೆ ೧೦ ಮತ್ತು ೩೦ ಮೆಗಾಬೈಟಿನ ಹಾರ್ಡ್ ಡಿಸ್ಕುಗಳನ್ನು ಮಾರಿದ್ದರು, ಮನೆಯವರಿಗೆ ಎಟುಕದ ಬೆಲೆಗೆ. ಈಗ ಈ ಯಂತ್ರಗಳನ್ನು ಜೀವಂತ ಇಟ್ಟುಕೊಂಡಿರುವವರ ಫ್ಲಾಪಿಗಳಿಗೆ ಬೂಷ್ಟು ಬಂದಿದೆ. ಹಾಗಾಗಿ ಐಡಿಇ ಡಿಸ್ಕನ್ನೋ, ಅದರದೇ ಭಾಷೆ ಆಡುವ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡನ್ನೋ ಜೋಡಿಸುವ ಬೋರ್ಡನ್ನು ತಾವೇ ಮಾಡಿಕೊಳ್ಳುತ್ತಾರೆ.

ಬೋರ್ಡು ಕೂರುವುದು ಯಂತ್ರದ ಹೊಟ್ಟೆಯಡಿ ಇರುವ ೩೪ ತಂತಿಯ '೧ ಮೆಗಾಹರ್ಟ್ಸ್ ಬಸ್' ಮೇಲೆ. ಡಿಸ್ಕಿನ ಜೊತೆ ಮಾತಾಡಲು ಎಂಟೇ ಎಂಟು ರಿಜಿಸ್ಟರುಗಳು, ಅಂದ್ರೆ ಮೂರು ವಿಳಾಸದ ತಂತಿ. ವಿಳಾಸ ಬಿಡಿಸೋಕೆ ಒಂದು ಚಿಪ್ಪು, ದತ್ತಾಂಶ ದಾಟಿಸೋಕೆ ಒಂದು, ಓದು–ಬರೆ ಸಂಕೇತಗಳನ್ನು ಬೇರೆ ಮಾಡೋಕೆ ನಾಲ್ಕಾರು ಗೇಟು. ಇಷ್ಟೇನಾ ಅಂದರೆ, ಒಂದು ತಂಟೆ ಇದೆ. ಪ್ರೊಸೆಸರಿನ ಓಟ ಎರಡು, ಬಸ್ಸಿನದು ಒಂದು. ಪ್ರೊಸೆಸರು ಅರ್ಧ ಹೆಜ್ಜೆ ಮುಂಚೆ ಬಂದು ಕದ ತಟ್ಟಿ, ಆಮೇಲೆ ಬಸ್ಸಿಗಾಗಿ ಕಾಯುತ್ತದೆ. ಆ ಮೊದಲ ತಟ್ಟನ್ನು ಡಿಸ್ಕು ನಿಜವಾದ ಓದು ಅಂತ ತಿಳಿದರೆ ಒಂದು ಪದ ಕೈತಪ್ಪಿ ಹೋಯಿತು. ಯಾಕೆಂದರೆ ಡಿಸ್ಕಿನ ದತ್ತಾಂಶದ ರಿಜಿಸ್ಟರಿನಲ್ಲಿ ಒಮ್ಮೆ ಓದಿದ್ದು ಮತ್ತೆ ಸಿಗೋದಿಲ್ಲ, ಮುಂದಿನದು ಬಂದು ನಿಂತಿರುತ್ತದೆ. ಬಸ್ಸಿನ ಗಡಿಯಾರ ಕೆಳಗಿರುವಾಗ ಮಾತ್ರ ಕದ ತೆರೆಯುವ ಒಂದು ಲ್ಯಾಚು ಹಾಕಿದರೆ ಈ ಕಾಟ ತಪ್ಪುತ್ತದೆ. ಪಠ್ಯಪುಸ್ತಕದಲ್ಲಿ ಲ್ಯಾಚು ಯಾಕೆ ಬೇಕು ಅಂತ ನಾಲ್ಕು ಅಂಕದ ಪ್ರಶ್ನೆಗೆ ಉರು ಹೊಡೆದವರು ಇದನ್ನೊಮ್ಮೆ ಕಟ್ಟಿ ನೋಡಬೇಕು.

ಈಗ ಜಗಳಕ್ಕೆ ಬರೋಣ. ಡಿಸ್ಕು ಒಂದು ಸಲಕ್ಕೆ ೧೬ ಬಿಟ್ ಕೊಡುತ್ತದೆ. ೬೫೦೨ಕ್ಕೆ ಇರೋದು ಎಂಟೇ ಕೈ. ಉಳಿದ ಎಂಟನ್ನು ಏನು ಮಾಡೋದು? ಇನ್ನೆರಡು ಚಿಪ್ಪು ಹಾಕಿ ಅಟ್ಟದ ಮೇಲಿಟ್ಟು ಆಮೇಲೆ ಇಳಿಸಿಕೊಳ್ಳಬಹುದು. ಅಥವಾ ಆ ಎಂಟು ತಂತಿಗಳನ್ನು ಜೋಡಿಸದೇ ಬಿಟ್ಟುಬಿಡಬಹುದು. ಬಿಟ್ಟರೆ ೫೧೨ ಬೈಟಿನ ಸೆಕ್ಟರಿನಲ್ಲಿ ೨೫೬ ಮಾತ್ರ ಕೈಗೆ ಸಿಗುತ್ತವೆ.

ಅಯ್ಯೋ, ಅರ್ಧ ದಂಡ! ಅನ್ನುವ ಮೊದಲು ಒಂದು ವಿಷಯ ಕೇಳಿ. ಈ ಯಂತ್ರದ ಹಾರ್ಡ್ ಡಿಸ್ಕಿನ ಕಡತ ವ್ಯವಸ್ಥೆ ಎಡಿಎಫ್‌ಎಸ್. ಅದರ ಸೆಕ್ಟರು ಇರೋದೇ ೨೫೬ ಬೈಟು. ಅರ್ಧ ಬಿಟ್ಟ ಕೂಡಲೇ ಡಿಸ್ಕಿನ ಒಂದು ಸೆಕ್ಟರಿಗೆ ಯಂತ್ರದ ಒಂದು ಸೆಕ್ಟರು, ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ. ಪೂರ್ತಿ ಬಳಸುತ್ತೇನೆ ಅಂದವನು ಒಂದೇ ಕೋಣೆಗೆ ಇಬ್ಬರು ಬಾಡಿಗೆದಾರರನ್ನು ತಂದ ಹಾಗಾಯಿತು. ಒಬ್ಬನ ೨೫೬ ಬೈಟು ಬರೀಬೇಕಾದರೆ ಮೊದಲು ಇಬ್ಬರದೂ ೫೧೨ ಓದಬೇಕು, ಅರ್ಧ ತಿದ್ದಬೇಕು, ಮತ್ತೆ ಪೂರ್ತಿ ಬರೀಬೇಕು. ನಡುವೆ ಕರೆಂಟು ಹೋದರೆ ಪಕ್ಕದವನ ಮನೆಯೂ ಹಾಳು. ಓದಿದ್ದನ್ನ ಇಡೋದಾದರೂ ಎಲ್ಲಿ? ಕೆಲವು ಮೋಡುಗಳಲ್ಲಿ ಪರದೆಯೊಂದೇ ೨೦ ಕಿಲೋಬೈಟು ನುಂಗುತ್ತದೆ. ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡಿಗೆ ಎಂಟು ಬಿಟ್ಟಿನಲ್ಲೇ ಕೊಡು ಅಂತ ಆಜ್ಞೆ ಮಾಡಬಹುದು, ನಿಜ. ಆಗ ಚಿಪ್ಪು ಉಳಿದೀತು, ಬಾಡಿಗೆದಾರರ ತಕರಾರು ಉಳಿದೇ ಇರುತ್ತದೆ. ಇನ್ನು ಜಾಗದ ಮಾತು. ಈ ಎಡಿಎಫ್‌ಎಸ್‌ಗೆ ೫೧೨ ಮೆಗಾಬೈಟಿಗಿಂತ ಮೇಲೆ ಎಣಿಸಲಿಕ್ಕೇ ಬರೋದಿಲ್ಲ. ೧ ಗಿಗಾಬೈಟಿನ ಕಾರ್ಡಿನಲ್ಲಿ ಅರ್ಧ ಬಿಟ್ಟರೂ ಅದರ ಹೊಟ್ಟೆ ತುಂಬುತ್ತದೆ.

ಇದರಿಂದ ನಷ್ಟವೇ ಇಲ್ಲ ಅನ್ನಲಾರೆ. ಆ ಕಾರ್ಡನ್ನು ತೆಗೆದು ಇವತ್ತಿನ ಕಂಪ್ಯೂಟರಿಗೆ ಹಾಕಿದರೆ ಹಲ್ಲುದುರಿದ ಬಾಯಿ ಕಾಣುತ್ತದೆ. ಒಂದು ಬಿಟ್ಟು ಒಂದು ಬೈಟನ್ನು ಆರಿಸುವ ಸಣ್ಣ ಪ್ರೋಗ್ರಾಮು ಬೇಕು. ಅದು ಒಂದು ಸಂಜೆಯ ಕೆಲಸ.

ಮೂರನೆಯ ಪಂಗಡವೊಂದಿದೆ. ಇವೆಲ್ಲ ಯಾಕೆ ಮಾರಾಯ, ನೂರಾರು ಮೆಗಾಹರ್ಟ್ಸ್‌ನ ಮೈಕ್ರೋಕಂಟ್ರೋಲರು ಕೂರಿಸಿ ಎಲ್ಲ ಅದಕ್ಕೇ ಬಿಡು ಅನ್ನುವವರು. ಕೆಲಸ ಆಗುತ್ತದೆ, ಬಹುಶಃ ಅಗ್ಗಕ್ಕೂ ಆಗುತ್ತದೆ. ಆದರೆ ೨ ಮೆಗಾಹರ್ಟ್ಸ್ ಮುದುಕನ ಕೈಗೆ ಊರುಗೋಲು ಕೊಡುವ ಬದಲು ಅವನನ್ನೇ ಹೊತ್ತು ಓಡುವ ಪೈಲ್ವಾನನನ್ನು ತಂದಹಾಗೆ. ಮೂಗಿಗಿಂತ ಮೂಗುತಿ ಭಾರ. ಭಾರದ್ದೂ ನನಗೆ ಚಿಂತೆಯಿಲ್ಲ. ಒಳಗಿನ ಪ್ರೋಗ್ರಾಮು ಬರೆದವನ ಹತ್ತಿರ ಮಾತ್ರ ಉಳಿದರೆ, ಅವನು ಕೈಬಿಟ್ಟ ದಿನ ಬೋರ್ಡು ಒಂದು ಬೀಗ ಹಾಕಿದ ಪೆಟ್ಟಿಗೆ. ೭೪ರ ಸರಣಿಯ ಚಿಪ್ಪುಗಳು ನಾವು ಹುಟ್ಟುವ ಮುಂಚಿನಿಂದ ಮಾರಾಟಕ್ಕಿವೆ, ಇವತ್ತೂ ಸಿಗುತ್ತವೆ. ಒಂದು ಹಾಳೆಯ ನಕ್ಷೆ ನೋಡಿಕೊಂಡು ಯಾವ ಊರಿನ ಹುಡುಗಿಯಾದರೂ ಮತ್ತೆ ಕಟ್ಟಬಹುದು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಒಂದು ಬಸ್ಸಿಗೂ ತಂತಿ ಎಳೆಯದೆ ಹೊರಬೀಳುವ ನಮ್ಮಂಥವರಿಗೆ ಆ ಹಾಳೆ ಒಂದು ಸೆಮಿಸ್ಟರಿನಷ್ಟು ಕಲಿಸೀತು.

೧೬ ತಂತಿಯ ಪಕ್ಷದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ, ನಾನು ಕಾದಿರುತ್ತೇನೆ. ಆದರೆ ಆ ೫೧೨ ಬೈಟುಗಳನ್ನು ಎಲ್ಲಿ ಇಡ್ತಾರೆ ಅನ್ನೋದನ್ನ ಮೊದಲನೇ ಸಾಲಿನಲ್ಲೇ ಹೇಳಿಬಿಡಲಿ.