ಕೈಗುಣವೋ? ಕಾರಣವೋ?

ನಮ್ಮ ಕಡೆ ಒಂದು ಮಾತು ತೀರ ಬಳಕೆಯಲ್ಲಿದೆ: ‘ಅದೆಲ್ಲ ಕೈಗುಣ’. ಒಬ್ಬಾಕೆ ಹಾಕಿದ ಉಪ್ಪಿನಕಾಯಿ ವರುಷ ತಾಳಿದರೆ ಅದು ಕೈಗುಣ. ಇನ್ನೊಬ್ಬಾಕೆಯದು ತಿಂಗಳಲ್ಲಿಯೇ ಬೂಷ್ಟು ಹಿಡಿದರೆ ಅದೂ ಕೈಗುಣವೇ. ಈ ಮಾತಿನಲ್ಲಿ ಮೆಚ್ಚಿಕೆಯಿದೆ, ಸಮಾಧಾನವೂ ಇದೆ, ಆದರೆ ಕಾರಣವಿಲ್ಲ. ಕೈಗುಣವೆಂದು ಹೇಳಿ ಕೈ ತೊಳೆದುಕೊಂಡಲ್ಲಿಗೆ ವಿಚಾರವೂ ಮುಗಿದು ಹೋಗುವದು. ಇದರಿಂದ ಆಗುವ ಹಾನಿಯನ್ನು ಒಂದು ಸಣ್ಣ ವಸ್ತುವಿನ ಮೂಲಕ ತೋರಿಸಬೇಕೆಂಬದೇ ಈ ಲೇಖನದ ಉದ್ದೇಶ. ಆ ವಸ್ತು ಮನೆಯಲ್ಲಿ ಮಾಡಿದ ಸುವಾಸನೆಯ ಮೇಣಬತ್ತಿ.

ವಿಷಯ ಸಣ್ಣದೆಂದು ನಗುವವರು ನಗಲಿ. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದಂದಿನಿಂದ ಹಳ್ಳಿಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಉಳಿತಾಯ ಮಾಡಹತ್ತಿದ್ದಾರೆ. ಉಳಿಸಿದ ನಾಲ್ಕು ಕಾಸನ್ನು ಉದ್ಯೋಗಕ್ಕೆ ಹಚ್ಚಬೇಕೆಂದಾಗ, ಒಂದು ಪಾತ್ರೆ, ಒಂದು ಒಲೆಯಿಂದ ಆಗುವಂಥ ಕೆಲಸಗಳಲ್ಲಿ ಮೇಣಬತ್ತಿಯೂ ಒಂದು. ದೀಪಾವಳಿಗೆ ಅದು ಮಾರಾಟವೂ ಆಗುವದು. ಆದರೆ ಕೊಂಡವರ ತಕರಾರು ಯಾವಾಗಲೂ ಒಂದೇ: “ಮೊದಲ ದಿನ ಮನೆಯೆಲ್ಲ ಘಮಘಮ ಅಂದಿತು, ಮರುದಿನ ಏನೂ ಇಲ್ಲ.” ಮಾಡಿದವರು ಎಣ್ಣೆ ಕೊಟ್ಟವನನ್ನು ಬಯ್ಯುವರು, ಮುಂದಿನ ಸಲ ಇನ್ನಷ್ಟು ಸುಗಂಧದ ಎಣ್ಣೆ ಸುರಿಯುವರು. ಮೇಣಕ್ಕಿಂತ ಆ ಎಣ್ಣೆಯೇ ದುಬಾರಿ. ಹೀಗೆ ಕಾರಣ ತಿಳಿಯದ ಕಡೆ ಲಾಭವೆಲ್ಲ ಕರಗಿ ಹೋಗುವದು.

ಊದಿನಕಡ್ಡಿಯನ್ನು ನೋಡಿರಿ. 2005ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮೈಸೂರು ಅಗರಬತ್ತಿಯಿರಲಿ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಮಾರುವ ಸಾದಾ ಕಡ್ಡಿಯಿರಲಿ, ಅದರ ತುದಿಯ ಕೆಂಡ ಮೊದಲಿನಿಂದ ಕೊನೆಯವರೆಗೂ ಸರಿಸುಮಾರು ಅಷ್ಟೇ ಇರುವದು. ಆದ್ದರಿಂದ ವಾಸನೆಯೂ ಒಂದೇ ಸಮನಾಗಿ ಬರುವದು. ಮೇಣಬತ್ತಿಯ ರೀತಿ ಬೇರೆ. ಅದರ ಸುವಾಸನೆ ಬಹುತೇಕ ಉರಿಯಿಂದ ಬರುವದಿಲ್ಲ; ಉರಿಯ ಸುತ್ತ ಕರಗಿ ನಿಂತ ಬಿಸಿ ಮೇಣದ ಮಡುವಿನಿಂದ ಆವಿಯಾಗಿ ಬರುವದು. ಉರಿಯೊಳಗೆ ಹೊಕ್ಕ ಎಣ್ಣೆ ಸುಟ್ಟೇ ಹೋಗುವದು. ಮಡು ಹಿರಿದಾದರೆ ವಾಸನೆ ಹೆಚ್ಚು, ಕಿರಿದಾದರೆ ಕಡಿಮೆ. ಇಷ್ಟು ತಿಳಿದರೆ ಅರ್ಧ ಒಗಟು ಬಿಡಿಸಿದಂತೆಯೇ ಸರಿ.

ಬಟ್ಟಲಲ್ಲಿ ಎರೆದ ಬತ್ತಿಯನ್ನು ಮೊದಲ ಸಲ ಅರ್ಧ ತಾಸು ಹಚ್ಚಿ ಆರಿಸಿದರೆ ನಡುವೆ ಮಾತ್ರ ಕರಗಿ ಒಂದು ಕುಣಿ ಬೀಳುವದು. ಮರುದಿನ ಉರಿ ಆ ಕುಣಿಯಲ್ಲಿಯೇ ಇಳಿಯುವದು. ಅಂಚಿನ ಮೇಣ ಗೋಡೆಯಂತೆ ನಿಂತು ತನ್ನ ಸುಗಂಧವನ್ನು ತನ್ನಲ್ಲಿಯೇ ಇಟ್ಟುಕೊಳ್ಳುವದು. ಬಟ್ಟಲಿನ ಅಗಲ ಎಷ್ಟು ಇಂಚೋ ಸುಮಾರು ಅಷ್ಟು ತಾಸು ಮೊದಲ ಸಲವೇ ಉರಿಸಬೇಕೆಂದು ಬಲ್ಲವರು ಹೇಳುವದು ಇದಕ್ಕಾಗಿಯೇ. ಇನ್ನು ಬತ್ತಿಯ ದಾರ. ಅದು ಉದ್ದವಾದರೆ ಉರಿ ಎತ್ತರವಾಗಿ ಮಸಿ ಕಾರುವದು. ತೀರ ಸಣ್ಣದಾದರೆ ಮೇಣದಲ್ಲಿ ಮುಳುಗುವದು. ಹಚ್ಚುವಾಗಲೆಲ್ಲ ಕಾಲು ಇಂಚಿಗೆ ಕತ್ತರಿಸಿದರೆ ಉರಿ ಹದವಾಗಿರುವದು.

ಎಣ್ಣೆಯನ್ನು ಬೆರೆಸುವಲ್ಲಿಯೂ ಹದವಿದೆ. ಮೇಣದ ತೂಕಕ್ಕೆ ಸಾಮಾನ್ಯವಾಗಿ ಶೇಕಡಾ 6ರಿಂದ 10 ಎಣ್ಣೆ ಸಾಕು. ಅದಕ್ಕೂ ಮೀರಿದರೆ ಮೇಣ ಹಿಡಿಯಲಾರದೆ ಮೇಲೆ ಬೆವರುವದು, ದಾರದ ದಾರಿ ಕಟ್ಟುವದು. ಒಮ್ಮೊಮ್ಮೆ ಉರಿ ಭಗ್ಗೆಂದು ಏಳುವದೂ ಉಂಟು. ಹೆಚ್ಚು ಸುರಿದರೆ ಹೆಚ್ಚು ವಾಸನೆ ಎಂಬ ಲೆಕ್ಕ ಹೀಗೆ ತಲೆಕೆಳಗಾಗುವದು. ಚೆನ್ನಾಗಿ ಕಲಕದಿದ್ದರೆ ಎಣ್ಣೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾಗುವದು. ಎರೆದ ಕೂಡಲೇ ಹಚ್ಚದೆ ಕೆಲವು ದಿನ ಮುಚ್ಚಿಡಬೇಕು. ಸೋಯಾ ಮೇಣವಾದರೆ ಒಂದೆರಡು ವಾರ. ಅಲ್ಲದೆ ನಿಂಬೆಯಂಥ ಹಗುರ ವಾಸನೆ ಬೇಗ ಹಾರುವದು, ಗಂಧದಂಥದು ತಡೆದು ನಿಲ್ಲುವದು. ತೆರೆದಿಟ್ಟ ಬತ್ತಿ ಹಚ್ಚದೆಯೇ ಬಡವಾಗುವದು.

ಕೊನೆಗೆ ಕೋಣೆ ಮತ್ತು ಮೂಗು. ಕಿಟಕಿ ತೆರೆದು ಗಾಳಿ ಆಡಿದರೆ ವಾಸನೆ ಚದರುವದು. ಚಿಕ್ಕ ಕೋಣೆಯಲ್ಲಿ ತುಂಬಿ ನಿಂತದ್ದೇ ಪಡಸಾಲೆಯಲ್ಲಿ ತಿಳಿಯಲಾರದು. ಇವೆಲ್ಲಕ್ಕಿಂತ ಮೋಸಗಾರ ನಮ್ಮ ಮೂಗೇ! ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಬಸ್ಸಿನಿಂದ ಈಗ ತಾನೆ ಇಳಿದವನಿಗೆ ಲೋಬಾನ, ಕರ್ಪೂರಗಳ ವಾಸನೆ ಮುಖಕ್ಕೆ ಬಡಿಯುವದು. ಮುಂಜಾನೆಯಿಂದ ಅಲ್ಲಿಯೇ ಕುಳಿತ ಅಂಗಡಿಕಾರನಿಗೆ ಅದರ ಪರಿವೆಯೇ ಇರುವದಿಲ್ಲ. ಬತ್ತಿಯ ಪರೀಕ್ಷೆಗೆ ಹೊರಗಿನಿಂದ ಬಂದವರ ಮೂಗೇ ಸಾಕ್ಷಿ.

“ನಾವು ಕಲಾ ಶಾಖೆಯವರು, ಇದು ವಿಜ್ಞಾನದವರ ಕೆಲಸ” ಎಂದು ಯಾರಾದರೂ ಅಂದಾರು. ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಪುಸ್ತಕ ಕಟ್ಟುವವನಲ್ಲಿ ಕೆಲಸ ಕಲಿತವ. ಆತ 1860-61ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಎಳೆಯರಿಗೆ ಒಂದು ಮೇಣಬತ್ತಿಯನ್ನೇ ಮುಂದಿಟ್ಟುಕೊಂಡು ಆರು ಉಪನ್ಯಾಸ ಕೊಟ್ಟನು. ಕಾರಣ ಕೇಳುವ ಹಕ್ಕಿಗೆ ಶಾಖೆಯ ಭೇದವಿಲ್ಲ.

ನನ್ನ ಸೂಚನೆ ಇಷ್ಟೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಇಂಥ ಉದ್ಯೋಗ ನಡೆಸುವ ತಾಯಂದಿರಿಗೆ, ಅಕ್ಕತಂಗಿಯರಿಗೆ, ಅಕ್ಷರ ಬಲ್ಲ ನಾವು ಒಂದು ವಹಿ ಇಟ್ಟು ಕೊಡೋಣ. ಮೇಣದ ತೂಕ, ಎಣ್ಣೆಯ ತೂಕ, ದಾರದ ಗಾತ್ರ, ಎರೆದ ದಿನ, ಹಚ್ಚಿದ ತಾಸು ಅದರಲ್ಲಿ ದಾಖಲಾಗಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಎರಡು ಬತ್ತಿಗಳನ್ನು ಹೋಲಿಸಿ ನೋಡಲಿ. ಕುಣಿಯಲು ಬಾರದವಳು ನೆಲ ಡೊಂಕೆಂದಳಂತೆ. ನೆಲವನ್ನು ಅಳೆದು ನೋಡಿದವಳಿಗೆ ಆ ಮಾತಿನ ಹಂಗಿಲ್ಲ. ಕೈಗುಣವೆಂಬದು ಸುಳ್ಳೆಂದು ನಾನು ಹೇಳಲಾರೆ. ಅದು ಅನೇಕ ವರುಷ ಕಣ್ಣಿಟ್ಟು ನೋಡಿದ ಕೈ, ನೋಡಿದ್ದನ್ನು ಬರೆದಿಡದ ಕೈ. ಬರೆದಿಟ್ಟರೆ ಒಬ್ಬಾಕೆಯ ಕೈಗುಣ ಹತ್ತು ಮನೆಗಳ ಅನ್ನವಾದೀತು.