ರಾಜೀನಾಮೆ ಬರೆಯುವ ಮುನ್ನ

ಬೆಳಿಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂತು ಕೂತು ಬೇಜಾರಾಗಿದೆ, ಪರಿಸರಕ್ಕೆ ಉಪಯೋಗ ಆಗೋ ಹಾಗೆ ಏನಾದ್ರೂ ಮಾಡ್ಬೇಕು, ಈ ಕೆಲಸ ಬಿಟ್ಟುಬಿಡಲಾ? ಮೂವತ್ತು ದಾಟಿದ ಎಷ್ಟೋ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಈ ಪ್ರಶ್ನೆ ಇದೆ. ನಿಮ್ಮ ಮನಸ್ಸಿನಲ್ಲೂ ಇದ್ದರೆ ಆಸೆ ಒಳ್ಳೆಯದೇ. ಆದರೆ ರಾಜೀನಾಮೆ ಪತ್ರಕ್ಕೆ ಅವಸರ ಬೇಡ.

ಯಾಕೆ ಅಂತೀರಾ? ಗಂಡಸು ಕೆಲಸ ಬಿಟ್ಟು ತೋಟ ಮಾಡ್ತೀನಿ ಅಂದರೆ ‘ಏನೋ ಸಾಹಸ ಮಾಡ್ತಿದ್ದಾನೆ’ ಅಂತಾರೆ. ಅದೇ ಮಾತನ್ನು ನೀವು ಆಡಿದರೆ ‘ಒಳ್ಳೇದಾಯ್ತು ಬಿಡು, ಇನ್ನು ಮನೆ ಕಡೆ ನೋಡ್ಕೋಬಹುದು’ ಅನ್ನೋರೇ ಹೆಚ್ಚು. ಆರು ತಿಂಗಳಲ್ಲಿ ನಿಮ್ಮ ಹಸಿರು ಕನಸು ಮಕ್ಕಳ ಹೋಂವರ್ಕ್, ಅತ್ತೆಯ ಔಷಧಿ, ನೆಂಟರ ಊಟದ ನಡುವೆ ಎಲ್ಲೋ ಕಳೆದುಹೋಗಿರುತ್ತದೆ. ಬ್ಯಾಂಕಿನಲ್ಲಿ ನಿಮ್ಮದು ಅನ್ನೋ ದುಡ್ಡೂ ಇರುವುದಿಲ್ಲ.

ಅದಕ್ಕೇ, ಈಗ ಗೊತ್ತಿರುವ ವಿದ್ಯೆಯನ್ನೇ ಆ ಕಡೆ ತಿರುಗಿಸಲು ಸಾಧ್ಯವೇ ಎಂದು ಮೊದಲು ಯೋಚಿಸಿ. ಷೇರುಪೇಟೆಯ ನಿಯಂತ್ರಕ ಸೆಬಿ, ದೇಶದ ಮೊದಲ 1000 ಲಿಸ್ಟೆಡ್ ಕಂಪನಿಗಳು ತಮ್ಮ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಕೊಡಲೇಬೇಕು ಎಂದು 2022-23ನೇ ಸಾಲಿನಿಂದ ಕಡ್ಡಾಯ ಮಾಡಿದೆ. ಎಷ್ಟು ವಿದ್ಯುತ್ ಸುಟ್ಟಿರಿ, ಎಷ್ಟು ನೀರು ಬಳಸಿದಿರಿ, ಕಸ ಎಲ್ಲಿ ಹೋಯಿತು ಎಂಬ ಲೆಕ್ಕವೆಲ್ಲ ಅದರಲ್ಲಿ ಬರಬೇಕು. ಈ ಲೆಕ್ಕ ಬರೆಯುವವರು ಯಾರು? ಅಕೌಂಟ್ಸ್ ಗೊತ್ತಿರುವವರು, ಕಾನೂನು ಓದಿದವರು, ಡೇಟಾ ಜೊತೆ ಕೆಲಸ ಮಾಡಿದವರು. ನಿಮ್ಮ ಆಫೀಸಿನಲ್ಲೇ ಇಂಥ ವಿಭಾಗ ಇರಬಹುದು, ವಿಚಾರಿಸಿದ್ದೀರಾ? ಓದು ಸಾಲದು ಅನಿಸಿದರೆ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಷಯದ ದೂರಶಿಕ್ಷಣ ಕೋರ್ಸ್‌ಗಳಿವೆ. ಕೆಲಸದಲ್ಲಿದ್ದುಕೊಂಡೇ ಓದಬಹುದು.

ಇಲ್ಲ, ಸ್ವಂತದ್ದೇ ಏನಾದರೂ ಮಾಡಬೇಕು ಅನ್ನುತ್ತೀರಾ? ಬೆಂಗಳೂರಿನ ಪೂನಂ ಬೀರ್ ಕಸ್ತೂರಿ ಅವರನ್ನು ನೋಡಿ. ಓದಿದ್ದು ವಿನ್ಯಾಸ. 2006ರಲ್ಲಿ ‘ಡೈಲಿ ಡಂಪ್’ ಶುರುಮಾಡಿದಾಗ ಅವರು ಆ ವಿದ್ಯೆಯನ್ನು ಬಿಡಲಿಲ್ಲ. ಅಡುಗೆಮನೆ ಕಸವನ್ನು ಗೊಬ್ಬರ ಮಾಡಲು ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳನ್ನು ರೂಪಿಸಿದರು. ಗೊಬ್ಬರದ ಗುಂಡಿಯನ್ನು ಬಾಲ್ಕನಿಗೆ ಒಪ್ಪುವ ಹಾಗೆ ಮಾಡಿದ್ದೇ ಅವರ ಜಾಣತನ.

ಇನ್ನೊಂದು ಮುಖವೂ ಗೊತ್ತಿರಲಿ. ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ದ ಹೆಸರು ಕೇಳದವರು ಕಡಿಮೆ. ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದು, ಅಡಿಕೆ ಚೊಗರಿನಂಥ ಸಹಜ ಬಣ್ಣ ಹಾಕುವ ಸಹಕಾರ ಸಂಘ ಅದು. ಅಂಥ ಸಂಸ್ಥೆಯೂ 2020ರಲ್ಲಿ, ಕೋವಿಡ್ ಕಾಲದಲ್ಲಿ, ದಿವಾಳಿಯಾಗಿದ್ದೇವೆ ಎಂದು ಹೇಳಬೇಕಾಗಿ ಬಂತು. ಕೆಲಸ ಎಷ್ಟೇ ಒಳ್ಳೆಯದಿರಲಿ, ಸರಕು ಮಾರಾಟವಾಗಲೇಬೇಕಲ್ಲ. ಹಾಗಾಗಿ ಕನಿಷ್ಠ ಒಂದು ವರ್ಷದ ಮನೆಖರ್ಚನ್ನು ನಿಮ್ಮ ಹೆಸರಿನಲ್ಲೇ ಎತ್ತಿಟ್ಟುಕೊಳ್ಳಿ. ಶನಿವಾರ, ಭಾನುವಾರ ಮಾತ್ರ ಆ ಕೆಲಸ ಮಾಡಿ ನೋಡಿ. ಪರಿಚಯದವರಲ್ಲದ ನಾಲ್ಕು ಜನ ದುಡ್ಡು ಕೊಟ್ಟು ತೊಗೊಂಡರೆ ಮುಂದಿನ ಮಾತು. ಅಕ್ಕತಂಗಿಯರು, ಗೆಳತಿಯರು ಕೊಳ್ಳುವುದು ಲೆಕ್ಕಕ್ಕಿಲ್ಲ!

ಇನ್ನು ಮನೆ. ಇಲ್ಲೇ ಇರೋದು ನಿಜವಾದ ಕಷ್ಟ. ಪರಿಸರಸ್ನೇಹಿ ಜೀವನ ಅಂದ ಕೂಡಲೇ ಬಟ್ಟೆ ಚೀಲ ಒಗೆಯೋದು, ಕಸ ಬೇರೆ ಮಾಡೋದು, ಪ್ಯಾಕೆಟ್ ಬಿಟ್ಟು ಎಲ್ಲವನ್ನೂ ಮನೆಯಲ್ಲೇ ಮಾಡೋದು ಯಾರ ತಲೆಗೆ ಬೀಳುತ್ತೆ? ನಿಮ್ಮ ತಲೆಗೆ, ಇಲ್ಲವೇ ಮನೆಕೆಲಸಕ್ಕೆ ಬರುವಾಕೆಯ ತಲೆಗೆ. ಗಂಡ, ಮಕ್ಕಳಿಗೆ ಮುಲಾಜಿಲ್ಲದೆ ಹೇಳಿ: ಹಸಿಕಸದ ಬುಟ್ಟಿ ನಿನ್ನದು, ಒಣಕಸ ತೊಳೆದಿಡೋದು ನಿನ್ನದು. ಗೊಬ್ಬರ ವಾಸನೆ ಬಂದರೆ ನೀರಿನಂಶ ಹೆಚ್ಚಾಗಿದೆ ಎಂದರ್ಥ. ಒಣಗಿದ ಎಲೆಯೋ ತೆಂಗಿನ ನಾರಿನ ಪುಡಿಯೋ ಹಾಕಿ ಕೆದಕಿದರಾಯ್ತು. ಹತ್ತು ವರ್ಷದ ಹುಡುಗನೂ ಮಾಡಬಹುದಾದ ಕೆಲಸ.

ಇದೆಲ್ಲ ಯಾಕೆ ಬೇಕು ಎಂದು ಅವರು ಕೇಳಿದರೆ ಮಂಡೂರಿನ ಕಥೆ ಹೇಳಿ. ವರ್ಷಗಟ್ಟಲೆ ಬೆಂಗಳೂರಿನ ಕಸ ಸುರಿಸಿಕೊಂಡ ಊರು ಅದು. ದುರ್ವಾಸನೆ, ಕೆಟ್ಟ ನೀರು, ನೊಣ ಸಾಕಾಗಿ ಜನ ಬೀದಿಗಿಳಿದ ಮೇಲೆ, 2014ರ ಕೊನೆಯಲ್ಲಿ ಅಲ್ಲಿಗೆ ಲಾರಿ ಹೋಗುವುದು ನಿಂತಿತು.

ಓಡಾಟದ ವಿಷಯ ಹೆಚ್ಚು ಹೇಳಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ನಮಗೆಲ್ಲ ಉಚಿತ. ವಾರಕ್ಕೆ ಎರಡು ದಿನ ಸ್ಕೂಟರ್ ಮನೆಯಲ್ಲಿ ಬಿಟ್ಟರೆ ಉಳಿಯುವ ಪೆಟ್ರೋಲ್ ದುಡ್ಡನ್ನು, ಆಗಲೇ ಹೇಳಿದೆವಲ್ಲ, ಆ ಒಂದು ವರ್ಷದ ಗಂಟಿಗೆ ಸೇರಿಸಿ. ಪಾಸ್‌ಬುಕ್ ನಿಮ್ಮ ಹತ್ತಿರವೇ ಇರಲಿ.