ನೆಗಡಿಯೂ ಕರುಳೂ
ಜೂನ್‌ನಲ್ಲಿ ಶಾಲೆ ತೆರೆದು ಮಳೆ ಹಿಡಿದೊಡನೆ ಮಕ್ಕಳಲ್ಲಿ ನೆಗಡಿ, ಕೆಮ್ಮು ಹರಡುವುದು ವಾಡಿಕೆ. ವೈರಸ್ ನೆಲೆಸುವುದು ಮೂಗು, ಗಂಟಲು, ಶ್ವಾಸಕೋಶಗಳಲ್ಲಿ. ಆದರೆ ಅದರ ಪರಿಣಾಮ ಕರುಳನ್ನೂ ಮುಟ್ಟಬಲ್ಲದು. ಫ್ಲೂ ತಗುಲಿಸಿದ ಇಲಿಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲ ಕದಡಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ವೈರಸ್ಸಿನೊಡನೆ ದೇಹ ನಡೆಸುವ ಹೋರಾಟವೂ, ಜ್ವರದಲ್ಲಿ ಆಹಾರ ಸೇರದಿರುವುದೂ ಅದಕ್ಕೆ ಕಾರಣಗಳು.

ಇಂಥ ವೇಳೆಯಲ್ಲಿ ಹೆತ್ತವರು ತಾವಾಗಿಯೇ ಆಂಟಿಬಯಾಟಿಕ್ ಕುಡಿಸಿದರೆ ಕರುಳಿಗೆ ಅದು ಎರಡನೆಯ ಪೆಟ್ಟು. ಆ ಮದ್ದು ವೈರಸ್ಸನ್ನು ಕೊಲ್ಲದು. ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

1945ರ ಔಷಧ ನಿಯಮಗಳ ಎಚ್ ಅನುಸೂಚಿಯಲ್ಲಿರುವ ಮದ್ದನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಮದ್ದುಗಳಿಗಾದರೆ, ವೈದ್ಯರ ಹಾಗೂ ರೋಗಿಯ ಹೆಸರನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ 3 ವರ್ಷ ಕಾದಿಡಬೇಕು. ಆದರೆ ಈ ನಿಯಮದ ಕೈ ಅಂಗಡಿಯವರೆಗಷ್ಟೇ ಚಾಚುತ್ತದೆ. ಮನೆಯ ಕಪಾಟಿನಲ್ಲಿ ಉಳಿದ ಅರ್ಧ ಬಾಟಲಿಗೆ ಹೆತ್ತವರ ವಿವೇಕವೇ ಕಾನೂನು.

ಸಾಮಾನ್ಯ ನೆಗಡಿಗೆ ವಿಶ್ರಾಂತಿ, ಗಂಜಿ, ನೀರು ಸಾಕು. ಹಸುಗೂಸಿಗೆ ಎದೆಹಾಲು ನಿಲ್ಲಿಸಬಾರದು. ಉಸಿರಾಟ ವೇಗವಾದರೆ, ಪಕ್ಕೆ ಒಳಸೆಳೆದರೆ, ಮಗು ಕುಡಿಯಲೊಲ್ಲದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅವರು ಆಂಟಿಬಯಾಟಿಕ್ ಬರೆದುಕೊಟ್ಟರೆ ಹೇಳಿದಷ್ಟು ದಿನ ತಪ್ಪದೆ ಕೊಡಬೇಕು.